ಇಂಗ್ಲಿಷ್‌ನಲ್ಲಿ ‘ಕೈಂಡ್‌ನೆಸ್’ ಇದೆ, ‘ಕೈಂಡಿಟಿ’ ಯಾಕಿಲ್ಲ?

ಒಂದು ಪದಕ್ಕೆ ಯಾವ ಪ್ರತ್ಯಯ ಹತ್ತುತ್ತದೆ ಎಂಬುದನ್ನು ಬಹುಮಟ್ಟಿಗೆ ಆ ಪದದ ಮೂಲವೇ ತೀರ್ಮಾನಿಸುತ್ತದೆ. ‘ಕೈಂಡ್’ ಇಂಗ್ಲಿಷಿನ ಹಳೆಯ ಜರ್ಮನಿಕ್ (ಇಂಗ್ಲಿಷ್, ಜರ್ಮನ್ ಭಾಷೆಗಳು ಸೇರಿದ ಕುಲದ) ಪದ, ‘-ನೆಸ್’ ಕೂಡ ಅದೇ ಮನೆಯದು. ‘-ಇಟಿ’ ಲ್ಯಾಟಿನ್ನಿನದು, ಫ್ರೆಂಚ್ ಮೂಲಕ ಬಂದದ್ದು.

1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡ್ ಗೆದ್ದ ನಂತರದ ಶತಮಾನಗಳಲ್ಲಿ ಫ್ರೆಂಚ್ ಪದಗಳು ರಾಶಿರಾಶಿಯಾಗಿ ಬಂದವು. ‘-ಇಟಿ’ ಒಂಟಿಯಾಗಿ ಬರಲಿಲ್ಲ. ‘ಪ್ಯೂರ್’, ‘ಪ್ಯೂರಿಟಿ’ಯಂಥ ಜೋಡಿಗಳೊಳಗೆ ಸೇರಿಕೊಂಡು ಬಂತು. ಜನ ಆ ಜೋಡಿಗಳಿಂದಲೇ ಮಾದರಿ ಕಲಿತರು. ಹಾಗಾಗಿ ಅದು ಹೆಚ್ಚಾಗಿ ಲ್ಯಾಟಿನ್ ಕುಲದ ಪದಗಳಿಗೇ ಅಂಟಿಕೊಂಡಿತು.

ನನಗೆ ತುಂಬ ಇಷ್ಟವಾಗುವುದು ಇದರ ಉಚ್ಚಾರಣೆ. ಗಟ್ಟಿಯಾಗಿ ಹೇಳಿ ನೋಡಿ: ‘ಎಲೆಕ್ಟ್ರಿಕ್’ನಲ್ಲಿ ಒತ್ತು ‘ಲೆಕ್’ ಮೇಲಿದೆ, ‘ಎಲೆಕ್ಟ್ರಿಸಿಟಿ’ಯಲ್ಲಿ ಅದು ‘ಟ್ರಿ’ಗೆ ಜಾರುತ್ತದೆ, ಕೊನೆಯ ‘ಕ್’ ‘ಸ್’ ಆಗುತ್ತದೆ. ‘-ನೆಸ್’ ಸೇರಿದರೆ ಮೂಲಪದ ಅಲುಗಾಡುವುದೇ ಇಲ್ಲ. ಕನ್ನಡದಲ್ಲೂ ಸಂಸ್ಕೃತದ ‘ಸುಂದರ’ ಒಳಗಿಂದಲೇ ಬದಲಾಗಿ ‘ಸೌಂದರ್ಯ’ವಾಗುತ್ತದೆ, ‘ದೊಡ್ಡ’ ಮಾತ್ರ ಇದ್ದಂತೆಯೇ ಇದ್ದು ‘ದೊಡ್ಡತನ’ವಾಗುತ್ತದೆ.

ಆದರೆ ಈ ಬೇಲಿ ಒಂದೇ ಕಡೆಯದು. ‘-ನೆಸ್’ ಎರವಲು ಪದಗಳಿಗೂ ಧಾರಾಳವಾಗಿ ಸೇರುತ್ತದೆ, ‘ನರ್ವಸ್‌ನೆಸ್’ ನೋಡಿ. ‘-ಇಟಿ’ ಆ ಕಡೆಯಿಂದ ಈ ಕಡೆಗೆ ದಾಟುವುದು ಅಪರೂಪ. ನಾರ್ಸ್ (ಜರ್ಮನಿಕ್ ಕುಲದ್ದೇ ಆದ ಹಳೆಯ ಸ್ಕ್ಯಾಂಡಿನೇವಿಯನ್ ಭಾಷೆ) ಮೂಲದ ‘ಆಡ್’ನಿಂದ ಹುಟ್ಟಿದ ‘ಆಡಿಟಿ’ ಅಂಥದ್ದೊಂದು.