ಮನೆಯ ಸರ್ವರ್‌ನಿಂದಲೇ ವೈಫೈ ಕೊಡಬಹುದೇ?

ಕೊಡಬಹುದು. ಸರ್ವರ್ ಹೇಗೂ ಹಗಲು ರಾತ್ರಿ ಓಡುತ್ತಿರುತ್ತದೆ, ಅದಕ್ಕೊಂದು ವೈಫೈ ಕಾರ್ಡ್ ಹಾಕಿ ಇಂಟರ್‌ನೆಟ್ ಕಂಪನಿಯ ಪೆಟ್ಟಿಗೆಯ ವೈಫೈಯನ್ನು ನಿಲ್ಲಿಸಿಬಿಡೋಣ ಎಂಬ ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಆದರೆ ಮಂಡ್ಯದ ಎರಡಂತಸ್ತಿನ ಮನೆಯಲ್ಲಿ ಸರ್ವರ್ ಮೆಟ್ಟಿಲ ಕೆಳಗಿನ ಗೂಡಿನಲ್ಲಿದೆ ಎಂದು ಬರೆದಿದ್ದೀರಿ. ನನ್ನ ತಕರಾರೆಲ್ಲ ಆ ಗೂಡಿನ ಮೇಲೆ.

ಅದಕ್ಕೂ ಮೊದಲು ಕಾರ್ಡ್. ಲಿನಕ್ಸ್ ಸರ್ವರ್‌ನ ಟರ್ಮಿನಲ್‌ನಲ್ಲಿ ‘ಐಡಬ್ಲ್ಯೂ ಲಿಸ್ಟ್’ (iw list) ಎಂದು ಕೊಟ್ಟರೆ ಉದ್ದನೆಯ ಪಟ್ಟಿ ಬರುತ್ತದೆ. ಕಾರ್ಡ್ ಯಾವ ಯಾವ ಬಗೆಯಲ್ಲಿ ಕೆಲಸ ಮಾಡಬಲ್ಲದು ಎಂದು ಹೇಳುವ ಕಡೆ ‘ಎಪಿ’ (ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಹಂಚುವ ಸಾಧನ) ಎಂಬ ಸಾಲು ಇಲ್ಲದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಇದ್ದರೂ ಚಾನೆಲ್‌ಗಳ ಪಟ್ಟಿಯನ್ನು ಒಮ್ಮೆ ಓದಿ. ಇಂಟೆಲ್ ಕಾರ್ಡ್‌ಗಳಲ್ಲಿ 5 ಗಿಗಾಹರ್ಟ್ಸ್ ಚಾನೆಲ್‌ಗಳ ಪಕ್ಕ ಸಾಮಾನ್ಯವಾಗಿ ‘ನೋ ಐಆರ್’ ಎಂದಿರುತ್ತದೆ. ಅಂದರೆ ಆ ಚಾನೆಲ್‌ನಲ್ಲಿ ಕಾರ್ಡ್ ತಾನಾಗಿ ಮೊದಲು ಬಾಯಿ ತೆರೆಯುವಂತಿಲ್ಲ. ಆಕ್ಸೆಸ್ ಪಾಯಿಂಟ್‌ನ ಕೆಲಸವೇ ಮೊದಲು ಬಾಯಿ ತೆರೆಯುವುದು! ದೇಶದ ಸಂಕೇತವನ್ನು ‘ಐಎನ್’ ಎಂದು ಕೊಟ್ಟರೂ ಅದು ಜಗ್ಗುವುದಿಲ್ಲ, ನಿರ್ಬಂಧ ಕಾರ್ಡನ್ನು ಒಳಗಿನಿಂದ ನಡೆಸುವ ತಂತ್ರಾಂಶವಾದ ಫರ್ಮ್‌ವೇರ್ ಒಳಗೇ ಕೂತಿದೆ. ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿದ ಇಂಟೆಲ್ ಕಾರ್ಡ್ 2.4 ಗಿಗಾಹರ್ಟ್ಸ್‌ಗೆ ಸಾಕು, ಅದಕ್ಕಿಂತ ಹೆಚ್ಚು ಕೇಳಬೇಡಿ. ಹೊಸದು ಕೊಳ್ಳುವುದಾದರೆ ಡ್ರೈವರ್ (ಕಾರ್ಡ್ ಜೊತೆ ಮಾತಾಡುವ ತಂತ್ರಾಂಶ) ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇರುವ ಮೀಡಿಯಾಟೆಕ್ ಚಿಪ್ ನೋಡಿ. ಡ್ರೈವರನ್ನು ಬೇರೆ ಕಡೆಯಿಂದ ತಂದು ಕಟ್ಟಿಕೊಳ್ಳಬೇಕಾದ ಯುಎಸ್‌ಬಿ ಕಡ್ಡಿಗಳ ಸಹವಾಸ ಬೇಡ. ಕರ್ನಲ್ ಬದಲಾದಾಗಲೆಲ್ಲ ಅದೇ ರಗಳೆ.

ತಂತ್ರಾಂಶದ ಪಾಲು ಸಣ್ಣದು. ಕಾರ್ಡನ್ನು ಆಕ್ಸೆಸ್ ಪಾಯಿಂಟ್ ಆಗಿಸುವ ಹೋಸ್ಟ್‌ಎಪಿಡಿ (hostapd) ಹಾಕಿ, ಈಥರ್‌ನೆಟ್ ಮತ್ತು ವೈಫೈ ಎರಡನ್ನೂ ಒಂದೇ ಬ್ರಿಡ್ಜ್‌ಗೆ (ಎರಡನ್ನೂ ಒಂದೇ ಜಾಲವಾಗಿಸುವ ಸೇತುವೆಗೆ) ಸೇರಿಸಿ, ಐಪಿ ವಿಳಾಸವನ್ನು ಬ್ರಿಡ್ಜ್‌ಗೆ ಕೊಡಿ. ಲಿನಕ್ಸ್‌ನಲ್ಲಿ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ಅದೇ ವೈಫೈ ಕಾರ್ಡ್‌ಗೆ ಕೈ ಹಾಕದಂತೆ ಹೇಳಿಡಿ. ಅದರ ‘ಹಾಟ್‌ಸ್ಪಾಟ್’ ಗುಂಡಿ ಒತ್ತಿದರೂ ವೈಫೈ ಬರುತ್ತದೆ ನಿಜ, ಆದರೆ ಮೊಬೈಲ್‌ಗಳಿಗೆ 10.42.0 ಎಂದು ಶುರುವಾಗುವ ಬೇರೆಯದೇ ಜಾಲದ ವಿಳಾಸ ಸಿಗುತ್ತದೆ. ಆಮೇಲೆ ಟಿವಿ ಕಾಣುತ್ತಿಲ್ಲ, ಪ್ರಿಂಟರ್ ಸಿಗುತ್ತಿಲ್ಲ ಎಂದು ಮನೆಯವರು ನಿಮ್ಮನ್ನೇ ಹಿಡಿಯುತ್ತಾರೆ. ಬ್ರಿಡ್ಜ್ ಕಟ್ಟುವಾಗ ಮಾನಿಟರ್, ಕೀಬೋರ್ಡ್ ಜೋಡಿಸಿಕೊಂಡೇ ಕೂರಿ. ದೂರದಿಂದ ಲಾಗಿನ್ ಆಗಿ ಮಾಡಲು ಹೋದರೆ ನಡುವೆಯೇ ಸಂಪರ್ಕ ಕಡಿದುಹೋಗುತ್ತದೆ.

ಈಗ ಗೂಡಿನ ವಿಚಾರ. ತಗಡಿನ ಕ್ಯಾಬಿನೆಟ್, ಅದರ ಹಿಂಬದಿಗೆ ಆಂಟೆನಾ, ಆಂಟೆನಾ ಎದುರಿಗೆ ಗೋಡೆ, ತಲೆಯ ಮೇಲೆ ಕಬ್ಬಿಣ ಕಟ್ಟಿದ ಕಾಂಕ್ರೀಟ್ ಮೆಟ್ಟಿಲು. ನಾನಿರುವುದು ಮೈಸೂರಿನ ಕೃಷ್ಣಮೂರ್ತಿಪುರಂನ ಹಳೆಯ ಮದ್ರಾಸ್ ತಾರಸಿ ಮನೆಯಲ್ಲಿ. ಇಲ್ಲಿ 5 ಗಿಗಾಹರ್ಟ್ಸ್ ಅಲೆ ನಡುಮನೆಯ ದಪ್ಪ ಗೋಡೆ ದಾಟಿ ಅಡುಗೆಮನೆ ಸೇರುವಷ್ಟರಲ್ಲೇ ಸೊರಗಿಹೋಗುತ್ತದೆ. ನಿಮ್ಮಲ್ಲಿ ಅದು ಗೂಡಿನಿಂದ ಹೊರಟು ಮಹಡಿಯ ಕೋಣೆ ಮುಟ್ಟಬೇಕು. ಆಂಟೆನಾಗಳನ್ನು ತಂತಿ ಎಳೆದು ಹೊರಗೆ ತರಬಹುದು, ಆದರೆ ತಂತಿ ಉದ್ದವಾದಷ್ಟೂ ಸಿಗ್ನಲ್ ಅದರಲ್ಲೇ ಸೋರುತ್ತದೆ.

ನಾನಾಗಿದ್ದರೆ ಅಟ್ಟದ ಮೇಲೆ ಬಿದ್ದಿರುವ ಹಳೆಯ ರೂಟರ್ ಇಳಿಸುತ್ತಿದ್ದೆ. ಅದರ ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ವಿಳಾಸ ಹಂಚುವ ಕೆಲಸ) ನಿಲ್ಲಿಸಿ, ಪೆಟ್ಟಿಗೆಯ ವಿಳಾಸ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಟ್ಟು, ಪೆಟ್ಟಿಗೆಯಿಂದ ಬರುವ ಕೇಬಲನ್ನು ವ್ಯಾನ್ (ಹೊರಗಿನ ಇಂಟರ್‌ನೆಟ್‌ಗೆಂದು ಇರುವ) ಕಿಂಡಿಗೆ ಸಿಕ್ಕಿಸದೆ ಲ್ಯಾನ್ (ಮನೆಯೊಳಗಿನ ಜಾಲದ) ಕಿಂಡಿಗೆ ಸಿಕ್ಕಿಸಿ ಮಹಡಿಯ ಪಡಸಾಲೆಯಲ್ಲಿ ತೂಗುಹಾಕಿದರೆ ಆಯಿತು. ಆ 192.168.1.2 ವಿಳಾಸವು, ಕಂಪನಿಯ ಪೆಟ್ಟಿಗೆ ಹಂಚುವ ವಿಳಾಸಗಳ ಸಾಲಿನಿಂದ ಹೊರಗಿರಲಿ. ಕರೆಂಟ್ ಹೋದಾಗ ಯುಪಿಎಸ್‌ಗೂ ಭಾರವಿಲ್ಲ. ಸರ್ವರ್ ಅಪ್‌ಡೇಟ್ ಮಾಡಿ ರೀಬೂಟ್ ಕೊಟ್ಟಾಗ ಮಕ್ಕಳ ಆನ್‌ಲೈನ್ ಪಾಠವೂ ನಿಲ್ಲುವುದಿಲ್ಲ.

ಸರ್ವರನ್ನೇ ಪಡಸಾಲೆಗೆ ತರಲು ಮನೆಯಲ್ಲಿ ಒಪ್ಪಿಗೆ ಸಿಕ್ಕಿದರೆ ಮಾತ್ರ ಕಾರ್ಡ್ ಕೊಳ್ಳಿ. ಕೊಂಡ ಮೇಲೆ 2.4ರಲ್ಲಿ 1, 6, 11 ಈ ಮೂರರಲ್ಲಿ ನೆರೆಯವರ ಗದ್ದಲ ಕಡಿಮೆಯಿರುವ ಚಾನೆಲ್ ಆರಿಸಿ, ಅಗಲ 20 ಮೆಗಾಹರ್ಟ್ಸ್‌ಗೆ ಇಡಿ.