ಇಂಗ್ಲಿಷ್ ವಾಕ್ಯದಲ್ಲಿ ಪದಗಳ ಜಾಗ ಬದಲಿಸಿದರೆ ಒತ್ತು ಹೇಗೆ ಬದಲಾಗುತ್ತದೆ?

ಕನ್ನಡದಲ್ಲಿ ‘ರವಿಗೇ ಕೊಟ್ಟೆ’ ಎಂದು ಒಂದು ‘ಏ’ ಸೇರಿಸಿದರೆ ಒತ್ತು ಬಂದುಬಿಡುತ್ತದೆ ಅಲ್ವಾ? ಇಂಗ್ಲಿಷ್‌ನಲ್ಲಿ ಅಂಥ ಪ್ರತ್ಯಯ ಇಲ್ಲ. ಮಾತಾಡುವಾಗ ದನಿ ಏರಿಸಬಹುದು. ಬರೆಯುವಾಗ ಆ ಕೆಲಸವನ್ನು ಜಾಸ್ತಿ ಮಾಡುವುದು ಪದದ ಜಾಗ.

ಸಾಮಾನ್ಯವಾಗಿ ಹೊಸ ವಿಷಯ ಕೊನೆಗೆ ಬರುತ್ತದೆ, ಒತ್ತೂ ಅಲ್ಲೇ ಬೀಳುತ್ತದೆ. ‘ಐ ಗೇವ್ ರವಿ ದ ಬುಕ್’ ಅಂದರೆ ಏನು ಕೊಟ್ಟೆ ಎಂಬುದು ಮುಖ್ಯ. ‘ಐ ಗೇವ್ ದ ಬುಕ್ ಟು ರವಿ’ ಅಂದರೆ ಯಾರಿಗೆ ಎಂಬುದು.

ವಾಕ್ಯದ ಮೊದಲ ಜಾಗ ಮಾಮೂಲಿಯಾಗಿ ಕರ್ತೃವಿನದು. ಅಲ್ಲಿ ಬೇರೆ ಪದ ಬಂದರೆ ತಕ್ಷಣ ಎದ್ದು ಕಾಣುತ್ತದೆ. ‘ಐ ಹ್ಯಾವ್ ನೆವರ್ ಸೀನ್ ಇಟ್’ ಸಾದಾ ಮಾತು. ‘ನೆವರ್ ಹ್ಯಾವ್ ಐ ಸೀನ್ ಇಟ್’ ಗಟ್ಟಿ ಮಾತು. ಇಲ್ಲಿ ‘ಹ್ಯಾವ್’ ಕೂಡ ‘ಐ’ಗಿಂತ ಮುಂದೆ ಬರಲೇಬೇಕು. ‘ನೆವರ್ ಐ ಹ್ಯಾವ್’ ಎಂದರೆ ತಪ್ಪು, ನಮ್ಮಲ್ಲಿ ತುಂಬಾ ಜನ ಎಡವುವುದು ಇಲ್ಲೇ. ಸುಮ್ನೆ ಹರಟುವಾಗ ಈ ರಚನೆ ಭಾರ ಅನ್ನಿಸುತ್ತದೆ, ಭಾಷಣಕ್ಕೆ ಚೆನ್ನಾಗಿ ಒಪ್ಪುತ್ತದೆ.

ಬ್ರಿಟನ್ ಪ್ರಧಾನಿಯಾಗಿದ್ದ ಚರ್ಚಿಲ್ 1940ರ ಆಗಸ್ಟ್ 20ರಂದು ಅಲ್ಲಿನ ಸಂಸತ್ತಿನಲ್ಲಿ ಯುದ್ಧವಿಮಾನದ ಪೈಲಟ್‌ಗಳ ಬಗ್ಗೆ ಹೇಳಿದ ವಾಕ್ಯ ‘ನೆವರ್’ನಿಂದ ಶುರುವಾಗಿ ‘ಸೋ ಮಚ್ ಓಡ್ ಬೈ ಸೋ ಮೆನಿ ಟು ಸೋ ಫ್ಯೂ’ ಎಂದು ಮುಗಿಯುತ್ತದೆ. ಅಂದರೆ, ಇಷ್ಟೊಂದು ಜನ ಇಷ್ಟು ಕೆಲವರಿಗೆ ಇಷ್ಟೊಂದು ಋಣಿಯಾಗಿದ್ದು ಹಿಂದೆಂದೂ ಇಲ್ಲ; ‘ಫ್ಯೂ’ ಅಂದರೆ ಆ ಪೈಲಟ್‌ಗಳು. ಎರಡೂ ತುದಿಯ ಬಲವನ್ನು ಒಂದೇ ವಾಕ್ಯದಲ್ಲಿ ಬಳಸಿದ್ದಾರೆ. ‘ಫ್ಯೂ’ ನಡುವೆ ಬಂದಿದ್ದರೆ ಆ ಪೈಲಟ್‌ಗಳು ವಾಕ್ಯದಲ್ಲಿ ಕಳೆದುಹೋಗುತ್ತಿದ್ದರು.