ಮುಂಬೈಯಲ್ಲಿ ಬೇರೆ ಬೇರೆ ಧರ್ಮಗಳ ಆರಾಧನಾ ಸ್ಥಳಗಳಲ್ಲಿ ಯಾವುವನ್ನು ನೋಡಬಹುದು?

ಊರಿನಿಂದ ಬಂದ ನೆಂಟರನ್ನು ನಾವು ಮುಂಬೈ ಕನ್ನಡಿಗರು ಸಾಮಾನ್ಯವಾಗಿ ಪ್ರಭಾದೇವಿಯ ಸಿದ್ಧಿವಿನಾಯಕನಿಗೂ ಹಾಜಿ ಅಲಿ ದರ್ಗಾಕ್ಕೂ ಕರೆದೊಯ್ಯುತ್ತೇವೆ. ಎರಡನೆಯದಕ್ಕೆ ಹೋಗುವ ದಾರಿ ಭರತದ ವೇಳೆ ಸಮುದ್ರದಲ್ಲಿ ಮುಳುಗುವುದರಿಂದ ಹೊತ್ತು ನೋಡಿಕೊಂಡು ಹೊರಡಬೇಕು. ಮಾಹಿಮ್‌ನ ಸೇಂಟ್ ಮೈಕೆಲ್ ಚರ್ಚಿನ ಬುಧವಾರದ ನೊವೇನಾ ಎಂಬ ವಿಶೇಷ ಪ್ರಾರ್ಥನೆಗೆ ಕ್ರೈಸ್ತರಷ್ಟೇ ಅಲ್ಲ, ಎಲ್ಲ ಮತದವರೂ ಬರುತ್ತಾರೆ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಕುತೂಹಲಕರವಾದದ್ದು ಮಾಂಡ್ವಿಯ ಹಳೆಯ ಯೆಹೂದಿ ಪ್ರಾರ್ಥನಾ ಮಂದಿರವಾದ ಶಾರ್ ಹರಹಮೀಮ್. ಅದನ್ನು 1796ರಲ್ಲಿ ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್ ಬ್ರಿಟಿಷ್ ಸೈನ್ಯದಲ್ಲಿದ್ದು, ಮೈಸೂರು ಯುದ್ಧದಲ್ಲಿ ಟಿಪ್ಪುವಿಗೆ ಸೆರೆಸಿಕ್ಕು, ಬೆನೆ ಇಸ್ರೇಲ್ ಎಂಬ ಭಾರತೀಯ ಯೆಹೂದಿ ಸಮುದಾಯದವನೆಂದು ತಿಳಿದ ಮೇಲೆ ಟಿಪ್ಪುವಿನ ತಾಯಿಯ ಮಾತಿನಿಂದ ಪ್ರಾಣ ಉಳಿಸಿಕೊಂಡನೆಂಬ ಕಥೆ ಆ ಸಮುದಾಯದಲ್ಲಿದೆ. ನಮ್ಮ ಶ್ರೀರಂಗಪಟ್ಟಣದ ಚರಿತ್ರೆಯ ಎಳೆಯೊಂದು ಹೀಗೆ ಮುಂಬೈಯ ಗಲ್ಲಿಯಲ್ಲಿ ಸಿಗುತ್ತದೆ. ಇದನ್ನೂ ಮಸೀದಿ ಎಂದೇ ಕರೆಯುತ್ತಿದ್ದುದರಿಂದ, ಸಮೀಪದ ಮಸ್ಜಿದ್ ರೈಲು ನಿಲ್ದಾಣಕ್ಕೆ ಹೆಸರು ಬಂದದ್ದೂ ಈ ಮಂದಿರದಿಂದಲೇ ಎಂದು ಹಲವರು ಹೇಳುತ್ತಾರೆ. ಕಾಲಾ ಘೋಡಾ ಪ್ರದೇಶದ ಇನ್ನೊಂದು ಯೆಹೂದಿ ಮಂದಿರ ಕೆನೆಸೆತ್ ಎಲಿಯಾಹು 1884ರದು. ಬಹುಕಾಲ ಅದು ತನ್ನ ನೀಲಿ ಬಣ್ಣದಿಂದ ಹೆಸರಾಗಿತ್ತು.

ಪಾರ್ಸಿಗಳ ಅಗ್ನಿ ದೇವಾಲಯಗಳಾದ ಅಗ್ಯಾರಿಗಳಿಗೆ ಮಾತ್ರ ಅನ್ಯಧರ್ಮೀಯರಿಗೆ ಪ್ರವೇಶವಿಲ್ಲ, ಹೊರಗಿನಿಂದಲೇ ನೋಡಬೇಕು. ಗೊರಾಯಿಯಲ್ಲಿರುವ, ಬೌದ್ಧ ಪರಂಪರೆಯ ಧ್ಯಾನಮಂದಿರವಾದ ವಿಪಶ್ಯನಾ ಪಗೋಡಾ ದೂರವಿರುವುದರಿಂದ ಅದಕ್ಕೆ ಬೇರೆಯೇ ಒಂದು ದಿನ ಇಟ್ಟುಕೊಳ್ಳುವುದು ಒಳ್ಳೆಯದು.